ನಾದಿನಿ ಬರೆದ ಕ್ಲಾಸುಗಳು

ನನ್ನ ನಾದಿನಿಯಷ್ಟು ಸೋಮಾರಿಯಾದ ಹೆಣ್ಣನ್ನು ನಾನು ಬೇರೆಲ್ಲೂ ಕಂಡಿಲ್ಲ. ಒಂದೇ ಕೆಲಸವನ್ನು ಎರಡು ಸಲ ಮಾಡುವುದೆಂದರೆ ಅವಳಿಗೆ ಮೈಯೆಲ್ಲ ಮುಳ್ಳು. ಆ ಎರಡನೆಯ ಸಲವನ್ನು ತಪ್ಪಿಸಿಕೊಳ್ಳುವುದಕ್ಕಾಗಿ ಮೂರು ವಾರ ಊಟ ತಿಂಡಿ ಮರೆತು ದುಡಿಯುತ್ತಾಳೆ. ಇದನ್ನು ಸೋಮಾರಿತನ ಎನ್ನದೆ ಇನ್ನೇನೆನ್ನಬೇಕು? ನಮ್ಮ ಮನೆಯಲ್ಲಿ ಮಾತ್ರ ಇದಕ್ಕೆ ಬೇರೆ ಹೆಸರುಗಳಿದ್ದವು. ನಮ್ಮವರು ತಂಗಿಯ ಈ ಗುಣವನ್ನು ‘ಬುದ್ಧಿ’ ಎನ್ನುತ್ತಿದ್ದರು. ಎಂಟು ವರ್ಷದ ಮಗಳು ಸೋದರತ್ತೆಯನ್ನು ಹಿಂದಿಯಲ್ಲಿ ‘ಬುವಾ ಜೀನಿಯಸ್ ಹೈ’ ಎನ್ನುತ್ತಿದ್ದಳು. ನಾನು ಏನೂ ಎನ್ನುತ್ತಿರಲಿಲ್ಲ. ಪಾತ್ರೆಗಳನ್ನು ಸ್ವಲ್ಪ ಜೋರಾಗಿ ಇಡುತ್ತಿದ್ದೆ, ಅಷ್ಟೇ.

ಮೊದಲೇ ಹೇಳಿಬಿಡುವುದು ಒಳ್ಳೆಯದು: ಇದು ಹೊಟ್ಟೆಕಿಚ್ಚಿನಿಂದ ಬರೆದದ್ದು. ಬೇರೆ ಯಾವ ಉದಾತ್ತ ಕಾರಣವನ್ನೂ ಹುಡುಕಬೇಡಿ.

ಅವಳಿಗೆ ದೆಹಲಿಯ ಒಂದು ವಿಶ್ವವಿದ್ಯಾಲಯದಲ್ಲಿ ಭಾಷಾಶಾಸ್ತ್ರದ ಸಂಶೋಧನೆಗೆ ಸೀಟು ಸಿಕ್ಕಿತ್ತು. ಹಾಸ್ಟೆಲ್ ಸಿಗುವವರೆಗೆ ಎರಡು ತಿಂಗಳು ಇರುತ್ತೇನೆಂದು ಒಂದು ಸೂಟ್‌ಕೇಸು, ಎರಡು ಚೀಲ ಪುಸ್ತಕ ಹೊತ್ತು ಇಂದಿರಾಪುರಂನ ನಮ್ಮ ಒಂಬತ್ತನೇ ಮಹಡಿಯ ಫ್ಲ್ಯಾಟಿಗೆ ಬಂದಳು. ಮೂರು ವರ್ಷ ಇದ್ದಳು. ಹಾಸ್ಟೆಲ್ ಎರಡನೇ ತಿಂಗಳಿಗೇ ಸಿಕ್ಕಿತ್ತು. ಆದರೆ ಅಲ್ಲಿಗೆ ಹೋಗಬೇಕಾದರೆ ಮತ್ತೆ ಸಾಮಾನು ಕಟ್ಟಬೇಕಲ್ಲ, ಅದು ಎರಡನೆಯ ಸಲ.

ಅವಳು ಬರುವ ಮೊದಲು ನಮ್ಮ ಮನೆಯಲ್ಲಿ ಕಂಪ್ಯೂಟರ್ ಬಲ್ಲವಳು ನಾನೊಬ್ಬಳೇ. ನೋಯಿಡಾದ ಕಂಪನಿಯೊಂದರಲ್ಲಿ ಒಂಬತ್ತು ವರ್ಷದಿಂದ ಪ್ರೋಗ್ರಾಮ್ ಬರೆಯುವ ಕೆಲಸ ನನ್ನದು. ಕುತ್ತಿಗೆಗೆ ನೇತುಹಾಕಿಕೊಳ್ಳುವ ಕಾರ್ಡಿನಲ್ಲಿ ಹೆಸರಿನ ಕೆಳಗೆ ‘ಟೀಮ್ ಲೀಡ್’ ಎಂದಿತ್ತು. ನಮ್ಮ ಟವರಿನಲ್ಲಿ ಯಾರ ಪ್ರಿಂಟರ್ ಮುನಿಸಿಕೊಂಡರೂ ನನ್ನ ಮನೆಯ ಕರೆಗಂಟೆ ಬಾರಿಸುತ್ತಿತ್ತು. ಮಗಳು ಶಾಲೆಯಲ್ಲಿ ‘ಮೇರೀ ಮಮ್ಮಾ ಕಂಪ್ಯೂಟರ್ ಬನಾತೀ ಹೈ’, ನಮ್ಮಮ್ಮ ಕಂಪ್ಯೂಟರ್ ತಯಾರಿಸುತ್ತಾಳೆ, ಎಂದು ಹೇಳಿ ಬಂದಿದ್ದಳು. ನಾನು ಅದನ್ನು ತಿದ್ದಲು ಹೋಗಿರಲಿಲ್ಲ. ಆ ಸಿಂಹಾಸನದಲ್ಲಿ ನಾನು ಸುಖವಾಗಿ ಕೂತಿದ್ದಾಗಲೇ ನಮ್ಮ ಬಳಗದ ಅಧ್ಯಕ್ಷರು ಬಂದರು.

ಯಮುನೆಯ ಈಚೆ ದಡದ ಕನ್ನಡಿಗರೆಲ್ಲ ಸೇರಿ ಒಂದು ಕನ್ನಡ ಬಳಗ ಕಟ್ಟಿಕೊಂಡಿದ್ದೆವು. ಅದರ ಅಧ್ಯಕ್ಷರು ಮಾತ್ರ ಆಚೆ ದಡದವರು. ಲೋಧಿ ಕಾಲೋನಿಯ ಸರ್ಕಾರಿ ಕ್ವಾರ್ಟರ್ಸಿನಲ್ಲಿದ್ದ, ನಿವೃತ್ತಿಗೆ ಎರಡು ವರ್ಷ ಬಾಕಿಯಿದ್ದ ಅಧಿಕಾರಿ. ಸೋಫಾದ ತುದಿಯಲ್ಲಿ ಕೂತು ಕಾಫಿ ಕುಡಿಯುತ್ತ ಅವರು ವಿಷಯಕ್ಕೆ ಬಂದರು.

“ಈಗ ಎಲ್ಲಾರ್ದೂ ವೆಬ್‌ಸೈಟ್ ಇದೆಯಮ್ಮ. ಚಾಣಕ್ಯಪುರಿಲಿ ಒಂದೊಂದು ರಾಯಭಾರ ಕಚೇರಿಗೂ ಇದೆ. ನಮ್ಮ ಬಳಗಕ್ಕೊಂದು ಬೇಡವಾ?”

ನನ್ನ ಅನುಭವದ ಎಲ್ಲ ಅಸ್ತ್ರಗಳನ್ನೂ ಹೊರತೆಗೆದೆ. ಲಾಗಿನ್ ಇಟ್ಟೆ, ಪಾಸ್‌ವರ್ಡ್ ಇಟ್ಟೆ, ಎಷ್ಟು ಜನ ಬಂದರೆಂದು ಎಣಿಸುವ ಅಂಕಿಗಳನ್ನು ಇಟ್ಟೆ, ಎಲ್ಲದರ ಹಿಂದೆ ಒಂದು ಡೇಟಾಬೇಸ್ ಕೂರಿಸಿದೆ. ಯಾರಾದರೂ ಪುಟ ತೆರೆದರೆ, ಸರ್ವರ್ ಎನ್ನುವ ಯಂತ್ರ ಆ ಡೇಟಾಬೇಸಿನ ಬಾಗಿಲು ತಟ್ಟಿ, ಬೇಕಾದ ಮಾಹಿತಿ ತಂದು, ಆ ಕ್ಷಣದಲ್ಲೇ ಪುಟ ಕಟ್ಟಿ ಬಡಿಸಬೇಕು. ನೋಡಲು ಚೆನ್ನಾಗಿತ್ತು. ರಾಜ್ಯೋತ್ಸವದವರೆಗೂ ಚೆನ್ನಾಗಿತ್ತು.

ನವೆಂಬರ್ ತಿಂಗಳೆಂದರೆ ದೆಹಲಿಯಲ್ಲಿ ಮದುವೆಗಳ ಸುಗ್ಗಿ. ನಮ್ಮ ಕಾರ್ಯಕ್ರಮಕ್ಕೆಂದು ಹೇಳಿಟ್ಟಿದ್ದ ಪಾರ್ಕನ್ನು ಯಾರೋ ಮದುವೆಯವರು ಹಿಡಿದುಬಿಟ್ಟರು. ಕೊನೆಯ ಗಳಿಗೆಯಲ್ಲಿ ಹತ್ತಿರದ ಶಾಲೆಯೊಂದರ ಸಭಾಂಗಣ ಗೊತ್ತಾಯಿತು. ‘ಹೊಸ ಜಾಗಕ್ಕಾಗಿ ವೆಬ್‌ಸೈಟ್ ನೋಡಿ’ ಎಂದು ಅಧ್ಯಕ್ಷರು ಹೆಮ್ಮೆಯಿಂದ ಎಲ್ಲರಿಗೂ ಮೆಸೇಜ್ ಕಳಿಸಿದರು. ಎಲ್ಲರೂ ಒಟ್ಟಿಗೆ ನೋಡಿದರು. ನನ್ನ ಡೇಟಾಬೇಸ್ ಕೈ ಚೆಲ್ಲಿ ಕೂತಿತು. ಅರ್ಧ ಬಳಗ ಪಾರ್ಕಿಗೆ ಹೋಗಿ, ಯಾರದೋ ಮದುವೆಯಲ್ಲಿ ಛೋಲೆ ಭಟೂರೆ ತಿಂದು ಮನೆಗೆ ಮರಳಿತು. ಇತ್ತ ಶಾಲೆಯಲ್ಲಿ ಎರಡು ಹಂಡೆ ಬಿಸಿಬೇಳೆಬಾತು ಉಳಿಯಿತು.

ಮಾರನೆಯ ದಿನ ನಾದಿನಿ ನೆಲದ ಮೇಲೆ ಪೇಪರ್ ಹಾಸಿಕೊಂಡು ಬಟಾಣಿ ಸುಲಿಯುತ್ತಿದ್ದಳು. ನಾನು ಮೂಲೆಯಲ್ಲಿ ಕಂಪ್ಯೂಟರಿನ ಮುಂದೆ ಕೂತು ಡೇಟಾಬೇಸಿನ ಶವಪರೀಕ್ಷೆ ನಡೆಸಿದ್ದೆ.

“ಅತ್ತಿಗೆ, ಒಂದು ಮಾತು ಕೇಳ್ಲಾ?” ಎಂದಳು.

“ಕೇಳು.”

“ಬಳಗದ ಪುಟ ವರ್ಷಕ್ಕೆ ಎಷ್ಟು ಸಲ ಬದಲಾಗುತ್ತೆ?”

“ನಾಲ್ಕೈದು ಸಲ.”

“ಮತ್ತೆ ಯಾಕೆ ನೋಡೋಕೆ ಬಂದೋರಿಗೆಲ್ಲ ಬಿಸಿಬಿಸಿ ದೋಸೆ ಹುಯ್ಯೋಕೆ ಹೋಗ್ತೀರಿ? ಬೆಳಿಗ್ಗೆನೇ ಇಡ್ಲಿ ಬೇಯಿಸಿ ಇಟ್ಟುಬಿಡಿ. ಬಂದೋರು ತಗೊಂಡು ಹೋಗ್ತಾರೆ.”

ಒಂಬತ್ತು ವರ್ಷದ ಅನುಭವಿಗೆ ಬಟಾಣಿ ಸುಲಿಯುವವಳಿಂದ ಇಡ್ಲಿಯ ಪಾಠ. ಬೇಯಿಸಿಟ್ಟ ಪುಟಗಳ ಬಗ್ಗೆ ನನಗೆ ಗೊತ್ತಿರಲಿಲ್ಲವೆಂದಲ್ಲ. ಸಾದಾ ಬರಹದ ಕಡತಗಳನ್ನು ತಿನ್ನಿಸಿದರೆ ಇಡೀ ವೆಬ್‌ಸೈಟಿನ ಪುಟಗಳನ್ನು ಮೊದಲೇ ತಯಾರಿಸಿ ಇಡುವ ಪ್ರೋಗ್ರಾಮುಗಳು ಇದ್ದವು. ಅವುಗಳನ್ನು ನಾವು ಆಫೀಸಿನಲ್ಲಿ ಹಳೆಯ ಕಾಲದ್ದೆಂದು ನೋಡುತ್ತಿದ್ದೆವು. ನಗುತ್ತ, “ಹಾಗಾದ್ರೆ ನೀನೇ ಮಾಡು” ಎಂದೆ. ನನ್ನ ಬಾಯಿಯೇ ನನಗೆ ಮೃತ್ಯು.

ಅವಳು ಪ್ರೋಗ್ರಾಮಿಂಗ್ ಕಲಿತಳು. ಯಾವುದರಿಂದ ಕಲಿತಳು ಗೊತ್ತೇ? ನನ್ನ ಪುಸ್ತಕದಿಂದಲೇ. ನಾನು ಕೊಂಡು, ಮೊದಲ ಪುಟದಲ್ಲಿ ಸುಂದರವಾಗಿ ಹೆಸರು ಬರೆದು, ಎರಡನೇ ಅಧ್ಯಾಯದಲ್ಲಿ ಬಸ್ ಟಿಕೆಟ್ ಇಟ್ಟು ಮುಚ್ಚಿದ್ದ ಪುಸ್ತಕ. ಯೂನಿವರ್ಸಿಟಿಗೆ ಹೋಗುವ ಬ್ಲೂಲೈನ್ ಬಸ್ಸಿನಲ್ಲಿ ನಿಂತುಕೊಂಡೇ ಅದನ್ನು ಓದಿ ಮುಗಿಸಿದಳು. “ನೋಡು, ಅವಳು ಬರೀ ಪುಸ್ತಕ ಓದಿ ಕಲಿತಳು” ಎಂದರು ನಮ್ಮವರು.

“ನಾನೇನು ಪಂಚಾಂಗ ಓದಿ ಕಲಿತೆನಾ?” ಎಂದೆ.

ಯಾರೋ ದೂರದೇಶದ ಪುಣ್ಯಾತ್ಮ ಬರೆದು ಬಿಟ್ಟಿಯಾಗಿ ಬಿಟ್ಟಿದ್ದ ಅಂಥದ್ದೊಂದು ಪ್ರೋಗ್ರಾಮನ್ನು ಅವಳು ಹುಡುಕಿಕೊಂಡಳು. ಅದರಲ್ಲೊಂದು ಅನುಕೂಲವಿತ್ತು. ಬರಹವನ್ನು ಓದಿಕೊಳ್ಳುವುದು ಒಂದು ಭಾಗದ ಕೆಲಸ. ಓದಿದ್ದನ್ನು ಯಾವ ರೂಪದಲ್ಲಿ ಹೊರಗೆ ಬರೆಯಬೇಕೆಂದು ತೀರ್ಮಾನಿಸುವುದು ಇನ್ನೊಂದು ಭಾಗದ ಕೆಲಸ. ಈ ಎರಡನೆಯದನ್ನು ‘ಔಟ್‌ಪುಟ್ ಕ್ಲಾಸ್’ ಎನ್ನುತ್ತಾರೆ. ಅದನ್ನು ತೆಗೆದು ನಮಗೆ ಬೇಕಾದದ್ದನ್ನು ನಾವೇ ಬರೆದು ಕೂರಿಸಬಹುದಿತ್ತು.

ಅವಳು ಅಡುಗೆಯನ್ನೂ ಹೀಗೆಯೇ ಮಾಡುತ್ತಿದ್ದಳು. ಅವಳ ಸರದಿಯ ದಿನ ಬೆಳಿಗ್ಗೆ ಕುಕ್ಕರಿನಲ್ಲಿ ಒಂದೇ ಸಲ ತೊಗರಿಬೇಳೆ ಬೇಯಿಸುವಳು. ಅದರಿಂದಲೇ ಅಣ್ಣನಿಗೆ ಸಾರು, ನನಗೆ ಹುಳಿ, ಬೇರೇನನ್ನೂ ಮುಟ್ಟದ ಮಗಳಿಗೆ ಜೀರಿಗೆ ಒಗ್ಗರಣೆಯ ದಾಲ್. ಬೇಳೆ ಒಂದೇ, ಒಗ್ಗರಣೆ ಬೇರೆ. ಮೊದಲು ನಾನು ಕಷ್ಟಪಟ್ಟು ಮೂರು ಒಲೆಯಲ್ಲಿ ಮೂರು ಅಡುಗೆ ಮಾಡುತ್ತಿದ್ದೆ, ಯಾರೂ ಮಾತಾಡಿರಲಿಲ್ಲ. ಇವಳು ಒಂದು ಕುಕ್ಕರ್ ಕೂಗಿಸಿದರೆ ಮೂರು ಜನ ಹೊಗಳುತ್ತಿದ್ದರು. ಆ ಮೂವರಲ್ಲಿ ನಾನೂ ಇದ್ದೆ ಎನ್ನುವುದೇ ಸಂಕಟ; ಹುಳಿ ಅಷ್ಟು ಚೆನ್ನಾಗಿರುತ್ತಿತ್ತು.

ಹೀಗೆ ಬಳಗದ ಬರಹಗಳೆಲ್ಲ ಒಂದು ಕಡೆ ಸಾದಾ ಕಡತಗಳಾಗಿ ಕೂತವು. ಅವುಗಳಿಗೆ ಇವಳು ಒಂದೊಂದಾಗಿ ಕ್ಲಾಸುಗಳನ್ನು ಬರೆಯತೊಡಗಿದಳು, ಅಚ್ಚ ಕನ್ನಡದ ಹೆಸರಿಟ್ಟು. ಕಂಪ್ಯೂಟರಿನಲ್ಲಿ ನೋಡುವವರಿಗೆ ‘ಸಾದಾ’. ಮುದ್ರಿಸಿ ಓದುವ ಹಿರಿಯರಿಗೆ ‘ಅಚ್ಚು’. ಸಣ್ಣ ಪರದೆಯ ಮೊಬೈಲಿಗೆ ‘ಜೇಬು’. ಬರಹ ಬದಲಾದಾಗ ಒಂದು ಗುಂಡಿ ಒತ್ತಿದರೆ ಮೂರೂ ರೂಪದ ಪುಟಗಳು ಸಾಲಾಗಿ ಹೊರಬೀಳುತ್ತಿದ್ದವು. ಯುಗಾದಿಗೆ ಎಲ್ಲರೂ ಒಟ್ಟಿಗೆ ತೆರೆದರು. ಏನೂ ಆಗಲಿಲ್ಲ. ಏನಾದರೂ ಆಗಲಿ ಎಂದು ನಾನು ಬೆಳಗಿನಿಂದ ಐದು ಸಲ ತೆರೆದು ನೋಡಿದ್ದೆ.

ಅಧ್ಯಕ್ಷರು ಫೋನ್ ಮಾಡಿ ಅವಳನ್ನು ಹೊಗಳಿದರು. “ಇಷ್ಟೆಲ್ಲ ಹೇಗೆ ಮಾಡಿದೆಯಮ್ಮ?” ಎಂದು ಕೇಳಿದರಂತೆ. “ಏನಿಲ್ಲ ಅಂಕಲ್, ಒಂದೆರಡು ಕ್ಲಾಸ್ ಬರೆದೆ. ಇನ್ನೊಂದು ಕ್ಲಾಸ್ ಭಾನುವಾರ ಶುರು ಮಾಡ್ತೀನಿ” ಎಂದಳಂತೆ ಇವಳು.

ಭಾನುವಾರ ಬೆಳಿಗ್ಗೆ ಕರೆಗಂಟೆ ಬಾರಿಸಿತು. ಬಾಗಿಲಲ್ಲಿ ಎಂಟು ಮಕ್ಕಳು. ಕೈಯಲ್ಲಿ ನೋಟ್‌ಬುಕ್ಕು, ಕೊರಳಲ್ಲಿ ನೀರಿನ ಬಾಟಲಿ. ಹಿಂದೆ ನಿಂತಿದ್ದ ಒಬ್ಬ ತಂದೆ, “ಇಲ್ಲೇ ಅಲ್ವಾ ಕನ್ನಡ ಕ್ಲಾಸು? ಪ್ರೆಸಿಡೆಂಟ್ ಸಾಹೇಬರು ಎಲ್ಲಾರ್ಗೂ ಹೇಳಿದ್ರು” ಎಂದರು. ಬೇರೆ ಯಾರಾದರೂ ಆಗಿದ್ದರೆ ವಿವರಿಸಿ ಕಳಿಸುತ್ತಿದ್ದರು. ಇವಳು ಒಂದು ಕ್ಷಣ ಯೋಚಿಸಿ, “ಬನ್ನಿ, ಕೂತ್ಕೊಳ್ಳಿ” ಎಂದಳು. ವಿವರಿಸಿದರೆ ಎಂಟು ಮನೆಗೆ ಎಂಟು ಸಲ ವಿವರಿಸಬೇಕಲ್ಲ. ಅಂದಿನಿಂದ ನಮ್ಮ ಹಾಲಿನಲ್ಲಿ ಪ್ರತಿ ಭಾನುವಾರ ಕನ್ನಡ ಕ್ಲಾಸು. ಎಂಟು ಮಕ್ಕಳಿಗೂ ಉಪ್ಪಿಟ್ಟು ಮಾಡಿದವಳು ನಾನು. ಬಳಗದ ಸಭೆಯಲ್ಲಿ ಶಾಲು ಹೊದಿಸಿದ್ದು ಅವಳಿಗೆ.

ಆ ಶಾಲು ನಮ್ಮ ಬಾಲ್ಕನಿಯ ಹಗ್ಗದ ಮೇಲೆ ಎರಡು ದಿನ ಒಣಗುತ್ತಿತ್ತು. ಅದನ್ನು ನೋಡಿ ನೋಡಿ ನಾನೂ ಒಂದು ಕ್ಲಾಸ್ ಬರೆಯಬೇಕೆಂದು ತೀರ್ಮಾನಿಸಿದೆ. ಗುಟ್ಟಾಗಿ. ಅವಳ ಪುಟಗಳು ಸಪ್ಪೆ ಎಂದು ನನ್ನ ಅಭಿಪ್ರಾಯವಾಗಿತ್ತು. ನನ್ನದಕ್ಕೆ ‘ಅಲಂಕಾರ’ ಎಂದು ಹೆಸರಿಟ್ಟೆ. ಪುಟದ ಸುತ್ತ ಮಲ್ಲಿಗೆ ಮಾಲೆ, ಮೇಲ್ಗಡೆ ಎಡದಿಂದ ಬಲಕ್ಕೆ ಓಡುವ ಅಕ್ಷರಗಳು, ಮೂಲೆಯಲ್ಲಿ ತಾನಾಗಿ ಹೊತ್ತಿಕೊಳ್ಳುವ ದೀಪ. ಆಫೀಸಿನಲ್ಲಿ ಊಟದ ಬಿಡುವಿನಲ್ಲಿ ಹದಿನೈದು ದಿನ ಕೂತು ಬರೆದೆ. ಜನವರಿಯ ಒಂದು ಶನಿವಾರ, ಹೊರಗೆ ಎದುರಿನ ಟವರೂ ಕಾಣದಷ್ಟು ಮಂಜು, ಅವಳು ಲೈಬ್ರರಿಗೆ ಹೋಗಿದ್ದಳು. ನನ್ನ ಕ್ಲಾಸನ್ನು ಕೂರಿಸಿ ಗುಂಡಿ ಒತ್ತಿದೆ.

ನನ್ನ ಕ್ಲಾಸಿನ ಮೊದಲ ಸಾಲಿನಲ್ಲೇ ನಾನೊಂದು ಶುಚಿತ್ವದ ಕೆಲಸ ಬರೆದಿದ್ದೆ: ಹೊಸ ಪುಟ ಬರೆಯುವ ಮೊದಲು ಹಳೆಯ ಪುಟಗಳನ್ನು ಗುಡಿಸಿಹಾಕು ಎಂದು. ಯಾವ ಪುಟಗಳನ್ನು ಎಂದು ಬರೆಯುವಲ್ಲಿ ಎಡವಿದ್ದೆ. ಅದು ಎಲ್ಲವನ್ನೂ ಗುಡಿಸಿತು. ಸಾದಾ ಹೋಯಿತು, ಅಚ್ಚು ಹೋಯಿತು, ಜೇಬು ಖಾಲಿಯಾಯಿತು. ಖಾಲಿಯಾದದ್ದನ್ನು ಹಾಗೇ ಇಂಟರ್‌ನೆಟ್ಟಿಗೂ ಏರಿಸಿಬಿಟ್ಟಿತು. ಅಂದು ಮಧ್ಯಾಹ್ನ ಬಳಗದ ಸಂಕ್ರಾಂತಿ ಕಾರ್ಯಕ್ರಮ. ಹತ್ತು ನಿಮಿಷದಲ್ಲಿ ಅಧ್ಯಕ್ಷರ ಫೋನು ಬಂತು.

“ಅಮ್ಮಾ, ನಮ್ಮ ಬಳಗ ಕಾಣಿಸ್ತಿಲ್ಲ.”

“ಮಂಜಿರಬೇಕು ಸಾರ್” ಎಂದುಬಿಟ್ಟೆ. ಅದಕ್ಕಿಂತ ಒಳ್ಳೆಯ ಉತ್ತರ ಇಂದಿಗೂ ನನಗೆ ಹೊಳೆದಿಲ್ಲ.

ನಾದಿನಿ ಮಫ್ಲರ್ ಸುತ್ತಿಕೊಂಡು ಒಳಗೆ ಬಂದಾಗ ನಾನು ಕಂಪ್ಯೂಟರಿನ ಮುಂದೆ ತಲೆ ಹಿಡಿದು ಕೂತಿದ್ದೆ. ಅವಳು ಪರದೆ ನೋಡಿದಳು, ‘ಅಲಂಕಾರ’ ಎನ್ನುವ ಹೆಸರು ನೋಡಿದಳು, ನನ್ನ ಮುಖ ನೋಡಿದಳು. ಅವಳು ನಕ್ಕಿದ್ದರೆ ಅಂದೇ ಅವಳ ಸಾಮಾನನ್ನು ನಾನೇ ಕಟ್ಟಿಕೊಡುತ್ತಿದ್ದೆ.

“ಒಗ್ಗರಣೆ ಸೀದಿದೆ ಅಷ್ಟೇ ಅತ್ತಿಗೆ. ಬೇಳೆ ಹಾಗೇ ಇದೆ” ಎಂದಳು.

ನಿಜ, ಮೂಲ ಬರಹಗಳನ್ನು ನನ್ನ ಪೊರಕೆ ಮುಟ್ಟಿರಲಿಲ್ಲ. ನನ್ನ ಕ್ಲಾಸನ್ನು ತೆಗೆದು ಗುಂಡಿ ಒತ್ತಿದಳು; ಎಲ್ಲ ಪುಟಗಳೂ ಮರಳಿ ಬಂದವು. ಅಷ್ಟರಲ್ಲಿ ಅಧ್ಯಕ್ಷರು ಮತ್ತೆ ಫೋನ್ ಮಾಡಿದರು. ಅವಳೇ ಎತ್ತಿಕೊಂಡಳು. “ಸಾರಿ ಅಂಕಲ್, ನಂದೇ ತಪ್ಪು. ಏನೋ ಹೊಸದು ಮಾಡೋಕೆ ಹೋಗಿದ್ದೆ.” ಆ ಕಡೆಯಿಂದ, “ಪರವಾಗಿಲ್ಲಮ್ಮ, ನಿನ್ನಂಥೋರಿಗೂ ತಪ್ಪಾಗುತ್ತಾ?” ಎಂಬ ಮಮತೆಯ ದನಿ ನನಗೆ ಕೇಳಿಸಿತು. ನನ್ನ ತಪ್ಪಿಗೂ ಹೊಗಳಿಕೆ ಅವಳಿಗೇ. ಗೆದ್ದವರ ಮೇಲಿನ ಹೊಟ್ಟೆಕಿಚ್ಚನ್ನು ಹೇಗೋ ನುಂಗಬಹುದು. ನಮ್ಮ ತಪ್ಪನ್ನು ತಲೆಯ ಮೇಲೆ ಹೊತ್ತುಕೊಂಡವರ ಮೇಲೆ ಬರುವ ಹೊಟ್ಟೆಕಿಚ್ಚಿಗೆ ಮಾತ್ರ ಮದ್ದಿಲ್ಲ. ಬೈಯಲೂ ಆಗದು, ಥ್ಯಾಂಕ್ಸ್ ಎನ್ನಲೂ ನಾಲಿಗೆ ಹೊರಳದು. ಅಂದು ಎಳ್ಳುಬೆಲ್ಲ ಹಂಚುವಾಗ ಅವಳ ಕೈಗೆ ಒಂದು ಹಿಡಿ ಹೆಚ್ಚು ಹಾಕಿದೆ. ಒಳ್ಳೆಯ ಮಾತಾಡು ಎನ್ನುವುದನ್ನು ಇಬ್ಬರೂ ಬಿಟ್ಟೆವು.

ಇಷ್ಟರಲ್ಲಿ ಅವಳ ತಲೆಯೊಳಗೆ ನಾಲ್ಕನೆಯ ಕ್ಲಾಸು ಹುಟ್ಟಿತ್ತು. ಭಾನುವಾರದ ಮಕ್ಕಳೆಲ್ಲ ದೆಹಲಿಯಲ್ಲೇ ಬೆಳೆದವರು. ಕನ್ನಡ ಕೇಳಿದರೆ ಅರ್ಥವಾಗುತ್ತದೆ; ಉತ್ತರ ಹಿಂದಿಯಲ್ಲಿ ಬರುತ್ತದೆ; ಕನ್ನಡ ಅಕ್ಷರ ಕಂಡರೆ ‘ಜಲೇಬಿ’ ಎನ್ನುತ್ತವೆ. ನನ್ನ ಮಗಳೇ ಆ ಜಲೇಬಿ ಪಂಗಡದ ನಾಯಕಿ. ನಾನು ಎರಡು ವರ್ಷದಿಂದ ಅವಳಿಗೆ ಅ ಆ ಇ ಈ ತಿದ್ದಿಸುತ್ತಿದ್ದೆ. ‘ಈ’ ದಾಟಿ ನಾವು ಹೋಗಿರಲಿಲ್ಲ.

“ಅಕ್ಷರ ನಿಧಾನಕ್ಕೆ ಬರ್ಲಿ ಅತ್ತಿಗೆ. ಮೊದಲು ಮಾತು ಬರ್ಲಿ” ಎಂದಳು ನಾದಿನಿ. “ಕನ್ನಡನ್ನ ಹಾಗೇ ಹಿಂದಿ ಅಕ್ಷರದಲ್ಲಿ ಬರೆದುಕೊಡೋಣ. ಅದಕ್ಕೊಂದು ಕ್ಲಾಸ್ ಸಾಕು.”

ಅದರ ಸುಲಭವನ್ನು ಅವಳು ಅಧ್ಯಕ್ಷರಿಗೆ ಅವರದೇ ಭಾಷೆಯಲ್ಲಿ ವಿವರಿಸಿದಳು: ಕಂಪ್ಯೂಟರಿನೊಳಗೆ ನಮ್ಮ ದೇಶದ ಲಿಪಿಗಳನ್ನು ಲೋಧಿ ಕಾಲೋನಿಯ ಕ್ವಾರ್ಟರ್ಸಿನ ಹಾಗೆ ಜೋಡಿಸಿದ್ದಾರೆ. ಕನ್ನಡದ ಬ್ಲಾಕಿನಲ್ಲಿ ‘ಕ’ ಎಷ್ಟನೆಯ ಮನೆಯಲ್ಲಿದೆಯೋ, ನಾಗರಿಯ ಬ್ಲಾಕಿನಲ್ಲೂ ‘ಕ’ ಅಷ್ಟನೆಯ ಮನೆಯಲ್ಲೇ ಇದೆ. ಮನೆ ನಂಬರ್ ಹಾಗೇ ಇಟ್ಟು ಬ್ಲಾಕ್ ಬದಲಾಯಿಸಿದರಾಯಿತು. ಅಧ್ಯಕ್ಷರು ಬಹಳ ಹೊತ್ತು ತಲೆದೂಗಿ, “ಅಚ್ಛಾ, ಟ್ರಾನ್ಸ್‌ಫರ್ ಆರ್ಡರ್” ಎಂದರು.

ಆ ಕ್ಲಾಸಿಗೆ ‘ನಾಗರಿ’ ಎಂದು ಹೆಸರಿಟ್ಟಳು. ಮೊದಲ ಪರೀಕ್ಷೆಗೆ ಸಿಕ್ಕಿದ್ದು ಗಿಡ ನೆಡುವ ಕಾರ್ಯಕ್ರಮದ ಪುಟ. ‘ಮನೆಗೊಂದು ಮರ’ ಎಂದು ಅದರ ಶೀರ್ಷಿಕೆ. ಮಗಳು ಪರದೆಯ ಮುಂದೆ ನಿಂತು ಓದಿ ಗಾಬರಿಯಾಗಿ ನನ್ನತ್ತ ತಿರುಗಿದಳು.

“ಮಮ್ಮಾ, ಮನೆಗೊಂದು ಮರ್? ಕಿಸ್‌ಕೋ ಮರ್ನಾ ಹೈ?”

ಹಿಂದಿಯವರು ಪದದ ಕೊನೆಯ ಅಕಾರವನ್ನು ನುಂಗಿಬಿಡುತ್ತಾರೆ. ನಮ್ಮ ಮರ ಅವಳ ಬಾಯಲ್ಲಿ ಸಾಯುವ ಮಾತಾಗಿತ್ತು. ಪ್ರತಿ ಮನೆಯಿಂದ ಒಬ್ಬೊಬ್ಬರು ಸಾಯಬೇಕೆಂದು ಬಳಗ ಕರೆ ಕೊಟ್ಟ ಹಾಗಾಯಿತು. ನನಗೆ ಎಷ್ಟು ಸಂತೋಷವಾಯಿತೆಂದು ಹೇಳಲಾರೆ. ಸಂಜೆ ಕೇಸರಿಬಾತು ಮಾಡಿದೆ. ನಾದಿನಿ ಮಾರನೆಯ ದಿನ ಕೊನೆಯ ಅಕ್ಷರಕ್ಕೆ ದೀರ್ಘ ಕೊಡುವ ಹಾಗೆ ಕ್ಲಾಸನ್ನು ತಿದ್ದಿದಳು. ಮಗಳು ಓದಿದಳು: “ಮನೆಗೊಂದು ಮರಾ.” ಸ್ವಲ್ಪ ಯೋಚಿಸಿ, “ಅಚ್ಛಾ, ಮರ್ ಗಯಾ” ಎಂದಳು. ಸತ್ತೇಹೋಯಿತು ಎಂದರ್ಥ.

ಮೂರು ದಿನ ನಾದಿನಿ ಮಂಕಾಗಿದ್ದಳು. ನಾಲ್ಕನೆಯ ದಿನ, ಕೊನೆಗೆ ಅಕಾರವಿರುವ ಅಕ್ಷರದ ಪಕ್ಕ ಒಂದು ಸಣ್ಣ ಕೆಂಪು ಚುಕ್ಕಿ ಬರುವಂತೆ ಮಾಡಿದಳು. ಚುಕ್ಕಿ ಕಂಡರೆ ನುಂಗಬೇಡಿ, ಪೂರ್ತಿ ಹೇಳಿ ಎಂದು ಮಕ್ಕಳಿಗೆ ಕಲಿಸಿದಳು. ಮಕ್ಕಳು ಅರ್ಧ ಗಂಟೆಯಲ್ಲಿ ಕಲಿತವು. ಮರ ಬದುಕಿತು. ಎಂಟೂ ಮಕ್ಕಳು ಕನ್ನಡವನ್ನು ಗಟ್ಟಿಯಾಗಿ, ತಪ್ಪುತಪ್ಪಾಗಿ, ಬಾಯ್ತುಂಬ ಓದತೊಡಗಿದವು. ನನ್ನ ಮಗಳು ‘ಈ’ಯಲ್ಲಿ ನಿಂತಿದ್ದವಳು ಬಳಗದ ವರದಿಗಳನ್ನೆಲ್ಲ ಓದಿ ಮುಗಿಸಿ, “ಬುವಾ, ಔರ್ ದೋ” ಎಂದು ಇನ್ನಷ್ಟು ಕೇಳುತ್ತ ಅವಳ ಹಿಂದೆ ಬಿದ್ದಳು. ನಾನು ಏನಾದರೂ ಹೇಳಿಕೊಡಲು ಹೋದರೆ, “ಮಮ್ಮಾ, ಆಪ್ ರಹನೇ ದೋ, ಬುವಾ ಸೇ ಪೂಛ್ ಲೂಂಗೀ” ಎನ್ನುತ್ತಿದ್ದಳು; ನೀನು ಬಿಡು, ಅತ್ತೆಯನ್ನೇ ಕೇಳುತ್ತೇನೆ ಎಂದು. ಟೀಮ್ ಲೀಡ್ ಕಾರ್ಡಿನ ಗತ್ತು, ಪ್ರಿಂಟರಿನ ಕರೆ, ಬಳಗ, ಎಲ್ಲ ಹೋದದ್ದನ್ನು ಸಹಿಸಿದ್ದೆ. ಇದನ್ನು ಸಹಿಸಲು ಆಗಲಿಲ್ಲ. ಹಾಸ್ಟೆಲ್ ಸೀಟು ಮತ್ತೆ ಸಿಗಬಹುದೇ ಎಂದು ನಮ್ಮವರನ್ನು ಎರಡು ಸಲ ಕೇಳಿದೆ. ಅವರು ಪೇಪರಿನಿಂದ ತಲೆಯೆತ್ತಲಿಲ್ಲ.

ಆ ದಿನಗಳಲ್ಲೇ ಒಂದು ಶನಿವಾರ ಮಧ್ಯಾಹ್ನ ನಾನು ತರಕಾರಿ ತೆಗೆದುಕೊಂಡು ಮನೆಗೆ ಬಂದೆ. ಕರೆಂಟು ಹೋಗಿತ್ತು. ಒಳಗಿನ ಕೋಣೆಯಿಂದ ಮಗಳು ಏನನ್ನೋ ಓದುವುದು ಕೇಳಿಸುತ್ತಿತ್ತು. ಬಳಗದ ವರದಿಯಿರಬೇಕು ಎಂದುಕೊಂಡು ಚಪ್ಪಲಿ ಬಿಡುತ್ತಿದ್ದವಳು ಹಾಗೇ ನಿಂತೆ. ಓದುತ್ತಿದ್ದ ದನಿ ಮಗಳದು. ಮಾತು ನನ್ನ ಅಮ್ಮನದು.

ಅಮ್ಮ ಚಿತ್ರದುರ್ಗದಲ್ಲಿ ನನ್ನ ಅಣ್ಣನ ಮನೆಯಲ್ಲಿದ್ದಾಳೆ. ಫೋನೆಂದರೆ ಹುಟ್ಟಿದ್ದು ಸತ್ತದ್ದು ಹೇಳುವುದಕ್ಕೆ ಎಂದು ಅವಳ ನಂಬಿಕೆ, ಉಳಿದದ್ದಕ್ಕೆಲ್ಲ ಕಾಗದ. ಮೊಮ್ಮಗಳ ಹೆಸರಿಗೆ ತಿಂಗಳಿಗೊಂದು ಬರುತ್ತಿತ್ತು. ಮಗಳಿಗೆ ಕನ್ನಡ ಓದಲು ಬಾರದಾದ್ದರಿಂದ ನಾನೇ ಓದಿ ಹೇಳುತ್ತಿದ್ದೆ. ಆಫೀಸಿನಿಂದ ಬಂದು ದಣಿದಿರುತ್ತಿದ್ದೆ. ಅದೂ ಅಲ್ಲದೆ ಕೆಲವು ಸಾಲುಗಳನ್ನು ಓದಿದರೆ ಮಗಳ ಮುಂದೆ ನನ್ನ ಮರ್ಯಾದೆ ಉಳಿಯುತ್ತಿರಲಿಲ್ಲ, ಇನ್ನು ಕೆಲವನ್ನು ಅಳದೆ ಓದಲಾಗುತ್ತಿರಲಿಲ್ಲ. ಆದ್ದರಿಂದ, “ಅಜ್ಜಿ ಚೆನ್ನಾಗಿದಾರಂತೆ, ನೀನು ದಿನಾ ಹಾಲು ಕುಡೀಬೇಕಂತೆ” ಎಂದು ಹೇಳಿ ಮಡಿಸಿ ಕಪಾಟಿನಲ್ಲಿ ಇಡುತ್ತಿದ್ದೆ.

ಈಗ ಮಗಳು ಮಂಚದ ಮೇಲೆ ಕೂತು, ದಪ್ಪಕ್ಷರದಲ್ಲಿ ಮುದ್ರಿಸಿದ ಹಾಳೆಗಳನ್ನು ಮಡಿಲಲ್ಲಿಟ್ಟುಕೊಂಡು, ಕೆಂಪು ಚುಕ್ಕಿಗಳ ಮೇಲೆ ಬೆರಳಿಡುತ್ತ ಓದುತ್ತಿದ್ದಳು:

“ನಿಮ್ಮಮ್ಮ ಆರನೇ ಕ್ಲಾಸಿನಲ್ಲಿದ್ದಾಗ ಪಕ್ಕದ ಮನೆ ಹುಡುಗಿಗೆ ರಂಗೋಲಿ ಸ್ಪರ್ಧೆಯಲ್ಲಿ ಬಹುಮಾನ ಬಂತು ಅಂತ ಎರಡು ದಿನ ಊಟ ಬಿಟ್ಟು ಅತ್ತಿದ್ದಳು. ಮೂರನೇ ದಿನ ನೋಡುತ್ತೇನೆ, ಅದೇ ಹುಡುಗಿಯ ಜಗಲಿಯ ಮೇಲೆ ಕೂತು ಅವಳ ಹತ್ತಿರವೇ ರಂಗೋಲಿ ಕಲಿಯುತ್ತಿದ್ದಾಳೆ. ಮೂಗು ಇನ್ನೂ ಕೆಂಪಗಿತ್ತು. ನಿನಗೂ ಯಾವತ್ತಾದರೂ ಹಾಗೆ ಹೊಟ್ಟೆಕಿಚ್ಚಾದರೆ ಹೆದರಬೇಡ ಮಗಳೇ. ಅದು ನಿಮ್ಮಮ್ಮನಿಂದ ಬಂದದ್ದು. ನಿಮ್ಮಮ್ಮನಿಗೆ ನನ್ನಿಂದ ಬಂದದ್ದು.”

ಮಗಳು ತಲೆಯೆತ್ತಿ ನನ್ನನ್ನು ಕಂಡಳು. “ಮಮ್ಮಾ, ಆಪ್ ರೋಯೀ ಥೀ? ಸಚ್ಚೀ?”

ನಾನು ಅತ್ತದ್ದು ನಿಜವೇ ಎಂಬ ಆ ಪ್ರಶ್ನೆಗೆ ಹೌದು ಹೌದು ಎಂದು ಅಡುಗೆಮನೆಗೆ ಹೋಗಿ ತರಕಾರಿ ಚೀಲ ಇಟ್ಟು ಅಲ್ಲೇ ನಿಂತೆ. ಮೈಯೆಲ್ಲ ಸಿಟ್ಟು. ನಾದಿನಿ ಲೈಬ್ರರಿಯಿಂದ ಬಂದು ನೀರು ಕುಡಿಯಲು ಒಳಗೆ ಬಂದಳು.

“ನನ್ನನ್ನ ಒಂದು ಮಾತೂ ಕೇಳದೆ ನಮ್ಮಮ್ಮನ ಕಾಗದ ಓದಿದೆಯಾ?”

“ಓದ್ಲಿಲ್ಲ ಅತ್ತಿಗೆ, ಟೈಪ್ ಮಾಡಿದೆ” ಎಂದಳು. ನನ್ನ ಮುಖ ನೋಡಿ ಲೋಟ ಕೆಳಗಿಟ್ಟಳು. “ತಪ್ಪಾಯ್ತು. ಮಗು ಕೇಳ್ತು. ಅಜ್ಜಿ ಅಷ್ಟುದ್ದ ಬರೀತಾರೆ, ಮಮ್ಮಾ ಎರಡೇ ಲೈನ್ ಓದ್ತಾಳೆ, ಬಾಕಿದು ಎಲ್ಲಿ ಹೋಗುತ್ತೆ ಅಂತ. ನಾನೇ ಓದಿ ಹೇಳಿದ್ರೆ ಅದು ಅಜ್ಜಿ ಮಾತಾಗಲ್ಲ ಅನ್ನಿಸ್ತು. ಅದೇ ಓದ್ಕೊಳ್ಳಲಿ ಅಂತ ನಾಗರಿಗೆ ಕೊಟ್ಟೆ.”

ಅವಳು ಸಿಂಕಿನ ಕಡೆ ತಿರುಗಿ ಆ ಲೋಟವನ್ನು ತೊಳೆದಳು. ತೊಳೆದ ಲೋಟವನ್ನೇ ಮತ್ತೆ ತೊಳೆದಳು.

“ಟೈಪ್ ಮಾಡ್ತಾ ಮಾಡ್ತಾ ನಿಮ್ಮ ಮೇಲೆ ನನಗೆ ಎಷ್ಟು ಹೊಟ್ಟೆಕಿಚ್ಚಾಯ್ತು ಗೊತ್ತಾ ಅತ್ತಿಗೆ? ಕಪಾಟಿನ ತುಂಬ ಕಾಗದ. ನೀವು ಪೂರ್ತಿ ಓದೋದೂ ಇಲ್ಲ.” ಲೋಟವನ್ನು ಬೋರಲು ಹಾಕಿ ಹೇಳಿದಳು, “ನಮ್ಮಮ್ಮ ಬರೆದಿದ್ದು ಅಂತ ನನ್ಹತ್ರ ಒಂದೇ ಒಂದು ಇರೋದು. ಉಪ್ಪಿನಕಾಯಿ ಭರಣಿ ಮೇಲೆ ಅಂಟಿಸಿದ್ದ ಚೀಟಿ. ‘ಮಾವಿನಕಾಯಿ, ಹಳೇದು’ ಅಂತ ಇದೆ.”

ಇವಳು ಎರಡನೇ ಕ್ಲಾಸಿನಲ್ಲಿದ್ದಾಗ ಅವರ ತಾಯಿ ತೀರಿಕೊಂಡಿದ್ದರು. ನಮ್ಮವರು ಆಗ ಕಾಲೇಜಿನಲ್ಲಿದ್ದರು. ಈ ಸಂಗತಿ ನನಗೆ ಮದುವೆಗೆ ಮೊದಲೇ ಗೊತ್ತಿತ್ತು. ಗೊತ್ತಿತ್ತು ಎಂದಷ್ಟೇ ಹೇಳಬಲ್ಲೆ.

ಅಂದೇ ಸಂಜೆ ಅಮ್ಮನಿಗೆ ಕಾಗದ ಬರೆದೆ. ಎಷ್ಟೋ ವರ್ಷದ ಮೇಲೆ ಕೈಯಲ್ಲಿ ಬರೆದ ಕಾಗದ, ಒತ್ತಕ್ಷರಗಳು ಸೊಟ್ಟಗಾದವು. ನಾದಿನಿಯ ಬಗ್ಗೆ ಎಲ್ಲವನ್ನೂ ಬರೆದೆ, ನನ್ನ ಹೊಟ್ಟೆಕಿಚ್ಚನ್ನೂ ಬಿಡದೆ. ಕೊನೆಯಲ್ಲಿ, ‘ಮುಂದಿನ ಸಲ ಅವಳ ಹೆಸರಿಗೂ ಒಂದು ಬರಿ’ ಎಂದು ಸೇರಿಸಿದೆ.

ಹತ್ತು ಹನ್ನೆರಡು ದಿನವಾಗಿರಬೇಕು. ಸೊಸೈಟಿಯ ಗೇಟಿನ ಗಾರ್ಡ್ ಭಯ್ಯಾ ನನ್ನನ್ನು ನಿಲ್ಲಿಸಿ, “ಮೇಡಮ್, ದೋ ಚಿಟ್ಠಿಯಾಂ ಹೈಂ” ಎಂದು ಎರಡು ಕಾಗದ ಕೊಟ್ಟ. ಒಂದು ಮಗಳ ಹೆಸರಿಗೆ, ಎಂದಿನ ಇನ್‌ಲ್ಯಾಂಡು. ಇನ್ನೊಂದು ಲಕೋಟೆ, ಕೈಗೆ ದಪ್ಪಗೆ ತಾಕುವಷ್ಟು, ನಾದಿನಿಯ ಹೆಸರಿಗೆ. ಅವಳು ಅದನ್ನು ತೆಗೆದುಕೊಂಡು ಹಿಂದೆ ಮುಂದೆ ತಿರುಗಿಸಿ ನೋಡಿದಳು. ತನ್ನ ಹೆಸರನ್ನು ಎರಡು ಸಲ ಓದಿದಳು. ಒಳಗೆ ಹೋಗಿ ಬಾಗಿಲು ಹಾಕಿಕೊಂಡಳು.

ಆ ಕಾಗದವನ್ನು ಅವಳು ಯಾವ ಕ್ಲಾಸಿಗೂ ಕೊಡಲಿಲ್ಲ. ಅಮ್ಮ ಅದರಲ್ಲಿ ಏನು ಬರೆದಿದ್ದಳೆಂದು ಇಂದಿಗೂ ನನಗೆ ಗೊತ್ತಿಲ್ಲ. ತಡೆಯಲಾರದೆ ಒಮ್ಮೆ ಫೋನಿನಲ್ಲಿ ಅಮ್ಮನನ್ನೇ ಕೇಳಿದೆ. “ನಿನಗ್ಯಾಕೆ? ಅದು ಅವಳಿಗೆ ಬರೆದಿದ್ದು” ಎಂದಳು.

ಅಂದು ಆ ಬಾಗಿಲು ಬಹಳ ಹೊತ್ತು ತೆರೆಯಲಿಲ್ಲ. ಮಗಳು ತನ್ನ ಇನ್‌ಲ್ಯಾಂಡನ್ನು ಹಿಡಿದುಕೊಂಡು, “ಬುವಾ” ಎನ್ನುತ್ತ ತಟ್ಟಲು ಹೋದಳು. ನಾನು ಅವಳ ಕೈ ಹಿಡಿದೆ. ನಾದಿನಿಯ ಪಾಲಿನ ಚಹಾವನ್ನು ತಟ್ಟೆ ಮುಚ್ಚಿ ಮೇಜಿನ ಮೇಲಿಟ್ಟು, ಮಗಳನ್ನು ಕರೆದುಕೊಂಡು ಕೆಳಗೆ ಪಾರ್ಕಿಗೆ ಹೋದೆ. ಬೆಂಚಿನ ಮೇಲೆ ಕೂತು ಅವಳ ಕಾಗದವನ್ನು ಬಿಡಿಸಿ, ಮೊದಲ ಸಾಲಿನಿಂದ ಓದತೊಡಗಿದೆ.